ಸೊಂಡಿಲಿನ ಗಾಡಿ

ತಾಡಪತ್ರಿ ಎಳೆದ ಕೂಡಲೇ ಮೊದಲು ಹೊರಗೆ ಬಂದದ್ದು ಮೀನಿನ ವಾಸನೆ; ಗಾಡಿ ಕಂಡದ್ದು ಆಮೇಲೆ.

ಶಿವಪುತ್ರಪ್ಪ ಹೆಗಲ ಮೇಲಿನ ಎಣ್ಣೆಬಟ್ಟೆಯಿಂದಲೇ ಮೂಗು ಮುಚ್ಚಿಕೊಂಡ. "ಶಿವ ಶಿವಾ! ಎರಡು ಮಳಿಗಾಲ ನಿಂತ್ರೂ ಹೋಗಿಲ್ಲಲ್ರಿ ಅಕ್ಕಾರ. ಇಂಜಿನ್ ಸಾಯ್ತೈತಿ, ಪತ್ರಾ ತುಕ್ಕು ಹಿಡೀತೈತಿ, ನಿಮ್ಮ ಬಂಗಡಿ ಮಾತ್ರ ಅಮರ ನೋಡ್ರಿ."

"ಬಂಗುಡೆ ಅಲ್ಲ, ಬೂತಾಯಿ," ಎಂದಳು ವಿನೋದಿನಿ.

"ಯಾವುದರ ಇರವಲ್ದ್ಯಾಕ. ತಡೀರಿ, ಮೊದಲು ಒಂದು ಊದಿನಕಡ್ಡಿ ಹಚ್ಚತೀನಿ."

ಬೈಕುಲ್ಲಾದ ಆ ಗಲ್ಲಿಯಲ್ಲಿ ಶಿವಪುತ್ರಪ್ಪನ ಗ್ಯಾರೇಜೆಂದರೆ ಹಳೆ ಗಿರಣಿಯ ಗೋಡೆಗೆ ಒರಗಿಸಿದ ತಗಡಿನ ಮಾಡು, ಅದರಡಿ ಒಂದು ಕಬ್ಬಿಣದ ಮೇಜು, ಗೋಡೆಯಲ್ಲಿ ಬಸವಣ್ಣನ ಪಟ, ಪಟದ ಕೆಳಗೆ ಸದಾ ಹೊಗೆಯಾಡುವ ಊದಿನಕಡ್ಡಿ. ಬಿಜಾಪುರದ ಕಡೆಯಿಂದ ಎಳೆಯ ವಯಸ್ಸಿನಲ್ಲೇ ಬಂದವನು. ಡೀಸೆಲ್ ಇಂಜಿನ್ನಿನ ನಾಡಿ ಹಿಡಿಯುವವನು ಇಡೀ ಮುಂಬೈಯಲ್ಲಿ ತಾನೊಬ್ಬನೇ ಎಂಬ ವಿಷಯವನ್ನು ಅವನು ಯಾರಿಂದಲೂ ಮುಚ್ಚಿಟ್ಟಿರಲಿಲ್ಲ.

ಗಾಡಿ ಹಿತೇಶನದು. ಹಿತೇಶ ವಿನೋದಿನಿಯ ಗಂಡ, ಗ್ರಾಂಟ್ ರೋಡಿನಲ್ಲಿ ಮೀನೂಟದ ಹೋಟೆಲು ಇಟ್ಟುಕೊಂಡವನು. ಉಡುಪಿ ಕಡೆಯ ಶೆಟ್ರ ಮಗನಿಗೆ ಇದೆಂಥ ಹೆಸರು ಎಂದು ಊರಿನಲ್ಲಿ ಈಗಲೂ ಕೇಳುವವರುಂಟು. ಹುಟ್ಟಿದ್ದು ಮುಂಬೈಯ ಚಾಳಿನಲ್ಲಿ. ಹೆಸರಿಟ್ಟದ್ದು ಪಕ್ಕದ ಖೋಲಿಯ ಗುಜರಾತಿ ಬೆನ್. ಬೆಳಗ್ಗೆ ಬಂದರಿನ ಧಕ್ಕೆಯಿಂದ ಮೀನು ತರುವುದಕ್ಕೆಂದು ಅವನು ಈ ಪಿಕಪ್ ಕೊಂಡಿದ್ದ. ನಾಲ್ಕೂ ಚಕ್ರ ಎಳೆಯುವ, ಗುಡ್ಡ ಹಳ್ಳ ನೋಡದ ಗಾಡಿ. ಮಳೆಗಾಲದಲ್ಲಿ ರಸ್ತೆಯ ಮೇಲೆ ಸೊಂಟದ ಮಟ್ಟ ನೀರು ನಿಂತು ಬೇರೆಯವರ ಟೆಂಪೋಗಳು ಮುಳುಗಿದರೂ ತನ್ನ ಹೋಟೆಲಿನಲ್ಲಿ ಮೀನು ಇಲ್ಲವೆನ್ನಬಾರದು ಎಂಬ ಹಟ ಅವನಿಗೆ. ಆ ಹಟಕ್ಕೆ ಶಿವಪುತ್ರಪ್ಪನ ಹುಮ್ಮಸ್ಸು ಸೇರಿತು. ಇಬ್ಬರೂ ಕೂಡಿ ಗಾಡಿಯನ್ನು ಪಟ್ಟಿ ಹಾಕಿ ಎತ್ತರಿಸಿದರು, ಟ್ರ್ಯಾಕ್ಟರಿಗೆ ಹಾಕುವಂಥ ಟಯರು ಹಾಕಿಸಿದರು, ಮುಂದೆ ಕಬ್ಬಿಣದ ಗುಮ್ಮುವ ಕೊಂಬು ಕಟ್ಟಿದರು. ಎಲ್ಲಕ್ಕಿಂತ ಮುಖ್ಯವಾಗಿ, ಇಂಜಿನ್ ಗಾಳಿ ಎಳೆಯುವ ಬಾಯಿಯನ್ನು ನೀರಿಗೆ ಸಿಗದಂತೆ ಮೇಲೆ ಒಯ್ಯುವ ಒಂದು ದಪ್ಪ ಕರಿ ಕೊಳವೆ ಕೂರಿಸಿದರು. ಅದು ಬಾನೆಟ್ಟಿನ ಪಕ್ಕದಿಂದ ಹೊರಟು, ಮುಂದಿನ ಗಾಜಿನ ಅಂಚಿಗೆ ಒರಗಿ ಮಾಡಿನವರೆಗೆ ಏರಿ, ತುದಿಯಲ್ಲಿ ಟೊಪ್ಪಿ ಹಾಕಿಕೊಂಡು ನಿಂತಿತ್ತು. ಅದಕ್ಕೆ ಸ್ನಾರ್ಕೆಲ್ ಎನ್ನುತ್ತಾರಂತೆ. ಹೋಟೆಲಿನವರು ಸೊಂಡಿಲು ಎಂದರು. ಸೊಂಡಿಲಿನ ಗಾಡಿ ಎಂದರೆ ಧಕ್ಕೆಯ ಮೀನಿನ ಹೆಂಗಸರೆಲ್ಲರಿಗೂ ಗೊತ್ತು.

ಅಂಥ ಗಾಡಿ ಎರಡು ವರ್ಷಗಳಿಂದ ವಡಾಲದ ಬಿಲ್ಡಿಂಗಿನ ಹಿಂದೆ ತಾಡಪತ್ರಿ ಹೊದ್ದು ಮಲಗಿತ್ತು. ಈಗ ಅದಕ್ಕೆ ಹದಿನೈದು ತುಂಬುತ್ತ ಬಂದಿದೆ. ಆರ್‌ಟಿಓದಲ್ಲಿ ಮತ್ತೆ ಪಾಸಿಂಗ್ ಆಗಬೇಕು, ಇಲ್ಲವಾದರೆ ಗುಜರಿಯ ಭಂಗಾರದವನಿಗೆ ಕೊಡಬೇಕು. "ಕೊಟ್ಟುಬಿಡಿ," ಎಂದಿದ್ದಳು ವಿನೋದಿನಿ. "ಒಮ್ಮೆ ಶಿವಪುತ್ರಪ್ಪನಿಗೆ ತೋರಿಸುವ. ಆಗದಿದ್ದರೆ ಮತ್ತೆ ನೋಡುವ," ಎಂದಿದ್ದ ಹಿತೇಶ. ಮಧ್ಯಾಹ್ನದ ಊಟದ ಗಡಿಬಿಡಿ ಮುಗಿಯದೆ ಅವನು ಗಲ್ಲಾ ಬಿಟ್ಟು ಏಳುವ ಹಾಗಿಲ್ಲ. ಬೆಳಗ್ಗೆ ಟೋಯಿಂಗಿನವನು ಗಾಡಿಯನ್ನು ತಾಡಪತ್ರಿ ಸಮೇತ ಎಳೆದು ತಂದಿದ್ದ. ಗ್ಯಾರೇಜಿನಲ್ಲಿ ಅದರ ಜೊತೆ ಮನೆಯವರು ಯಾರಾದರೂ ಕೂರಬೇಕು. ಹಾಗಾಗಿ ವಿನೋದಿನಿ ಬಂದು ಕಬ್ಬಿಣದ ಸ್ಟೂಲಿನ ಮೇಲೆ ಕೂತಿದ್ದಳು. ಗಾಡಿಯನ್ನು ಕಣ್ಣೆತ್ತಿ ನೋಡಲೂ ಅವಳಿಗೆ ಮನಸ್ಸಿರಲಿಲ್ಲ. ಎತ್ತಿದಾಗಲೆಲ್ಲ ಗಾಡಿ ಕಾಣುತ್ತಿರಲಿಲ್ಲ, ಹಿತೇಶನ ಎಡಗಾಲು ಕಾಣುತ್ತಿತ್ತು.

*

ಅವಳು ಡ್ರೈವಿಂಗ್ ಕಲಿತದ್ದು ಮಗಳು ವಿಜೇತಾ ಕಾಲೇಜು ಸೇರಿದ ಮೇಲೆ. ಕಲಿಸಿದವನು ಹಿತೇಶನೇ, ಇದೇ ಗಾಡಿಯಲ್ಲಿ. ಅಲ್ಲಿಯವರೆಗೆ ಅವಳು ಹೋದ ಕಡೆಗೆಲ್ಲ ಯಾರಾದರೂ ಕರೆದುಕೊಂಡು ಹೋದದ್ದು, ಇಲ್ಲವಾದರೆ ಲೋಕಲ್ ಟ್ರೈನು ಒಯ್ದದ್ದು. ಮೊದಲ ಸಲ ಆ ಎತ್ತರದ ಸೀಟಿನಲ್ಲಿ ಕೂತು ವಡಾಲದಿಂದ ಧಕ್ಕೆಯವರೆಗೆ ಹೋಗಿ ಬಂದ ಬೆಳಗ್ಗೆ, "ಇಷ್ಟೊಂದು ಗಂಡಸರ ನೆತ್ತಿಯನ್ನು ನಾನು ಮೇಲಿನಿಂದ ನೋಡಿದ್ದು ಇದೇ ಮೊದಲು ಮಾರಾಯ್ರೆ," ಎಂದಿದ್ದಳು. ಹಿತೇಶ ಚಹಾ ಚೆಲ್ಲುವಷ್ಟು ನಕ್ಕಿದ್ದ. ಅವಳು ಮಾತ್ರ ಪೂರ್ತಿ ತಮಾಷೆಗೆ ಹೇಳಿದ್ದಲ್ಲ. ಆ ಸೀಟಿನಲ್ಲಿ ಕೂತಷ್ಟು ಹೊತ್ತು ಯಾರೂ ಅವಳನ್ನು ಸಾರಿಗೆ ಉಪ್ಪು ಸಾಕೇ ಎಂದು ಕೇಳುತ್ತಿರಲಿಲ್ಲ. ಎಡಕ್ಕೆ ಎಂದರೆ ಎಡಕ್ಕೆ, ಬಲಕ್ಕೆ ಎಂದರೆ ಬಲಕ್ಕೆ. ಅಷ್ಟು ದೊಡ್ಡ ವಸ್ತುವೊಂದು ತನ್ನ ಮಾತು ಕೇಳುತ್ತದೆ ಎಂಬುದಕ್ಕೆ ಅವಳು ನಿಧಾನವಾಗಿ ಒಗ್ಗಿಕೊಂಡಿದ್ದಳು.

ಹಿತೇಶನಿಗೆ ರವಿವಾರಗಳಂದು ಕರ್ಜತ್ ಕಡೆಯ ಗುಡ್ಡಗಳಲ್ಲಿ ಗಾಡಿ ಹತ್ತಿಸುವ ಹುಚ್ಚು. ಅಂಥದೇ ಗಾಡಿಗಳ ಗೆಳೆಯರ ಒಂದು ತಂಡವಿತ್ತು. ಒಂದು ಶನಿವಾರ ವಿನೋದಿನಿ, "ಈ ಸಲ ನಾನು ಹತ್ತಿಸ್ತೇನೆ," ಎಂದಳು. ಅವನು ಒಂದು ಕ್ಷಣ ತಡೆದು, "ಆಯ್ತು, ಹತ್ತಿಸು," ಎಂದ.

ಮರುದಿನ ಅರ್ಧ ಗುಡ್ಡದವರೆಗೆ ಗಾಡಿ ಆನೆಯ ಹಾಗೆ ಹತ್ತಿತು. ಏರು ಕಡಿದಾದಲ್ಲಿ ಅವಳು ಎಕ್ಸಿಲೇಟರ್ ಪೂರ್ತಿ ಒತ್ತಿದಳು. ಉಬ್ಬಸ ಬಂದವರ ಹಾಗೆ ಎರಡು ಸಲ ಒದ್ದಾಡಿ ಇಂಜಿನ್ ನಿಂತಿತು. ಹಿತೇಶ ಹಿಂದಿನ ಚಕ್ರಕ್ಕೆ ಕಲ್ಲು ಕೊಡಲು ಕೆಳಗೆ ಹಾರಿದ. ನಿಂತ ಇಂಜಿನ್ನಿನ ಬ್ರೇಕು ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಅವಳು ಇಡೀ ಮೈಭಾರ ಹಾಕಿ ಒತ್ತುತ್ತಿದ್ದ ಹಾಗೆಯೇ ಗಾಡಿ ಹಿಂದಕ್ಕೆ ಜಾರಿತು. ಚಕ್ರಕ್ಕೂ ಬಂಡೆಗೂ ನಡುವೆ ಹಿತೇಶನ ಎಡಗಾಲು ಸಿಕ್ಕಿತು.

"ಭಾಭೀನೇ ಕ್ಲಚ್ ಛೋಡ್ ದಿಯಾ," ಎಂದರು ಗೆಳೆಯರು. ಬೈಯುವ ದನಿಯಲ್ಲಲ್ಲ; ಹೆಂಗಸರ ಕೈಗೆ ಕೊಟ್ಟರೆ ಆಗುವುದೇ ಹೀಗೆ ಎಂಬ ಮರುಕದಲ್ಲಿ. ಕ್ಲಚ್ ಬಿಟ್ಟ ನೆನಪು ಅವಳಿಗಿರಲಿಲ್ಲ. ಆದರೆ ಅಷ್ಟು ಜನ ಹೇಳುವಾಗ ನೆನಪಿಗೇನು, ನಾಲ್ಕು ದಿನದಲ್ಲಿ ಅದೂ ಅವರ ಕಡೆ ಸೇರಿಕೊಂಡಿತು. ಈಗ ಕಣ್ಣು ಮುಚ್ಚಿದರೆ ತನ್ನ ಎಡಪಾದ ಮೇಲೆ ಏಳುವುದು ಅವಳಿಗೆ ಸ್ಪಷ್ಟವಾಗಿ ಕಾಣುತ್ತಿತ್ತು.

ಆಸ್ಪತ್ರೆಯಲ್ಲಿ ಕಾಲಿಗೆ ರಾಡು ಹಾಕಿಸಿಕೊಂಡು ಮಲಗಿದ್ದ ಹಿತೇಶನ ಮುಂದೆ ಅವಳು ಬಾಯಿ ತೆರೆದಾಗ ಅವನು ಅಂದದ್ದು ಎರಡೇ ಶಬ್ದ: "ಇರಲಿ ಬಿಡು."

ಒಳ್ಳೆಯ ಮನುಷ್ಯ. ಆಮೇಲೂ ಅಷ್ಟೇ. ಕೋಲು ಹಿಡಿದು ಮೆಟ್ಟಿಲು ಹತ್ತುವಾಗ ಅವಳು ನೋಡುತ್ತಿದ್ದರೆ, "ಇರಲಿ ಬಿಡು." ಚಳಿಗೆ ರಾಡು ನೋಯುತ್ತದೆಂದು ಅವಳು ಎಣ್ಣೆ ಬಿಸಿ ಮಾಡಿ ತಂದರೆ, "ಇರಲಿ ಬಿಡು." ಒಮ್ಮೆಯಾದರೂ ಬೈದಿದ್ದರೆ ಅವಳು ತಿರುಗಿ ಒಂದು ಮಾತು ಹೇಳುತ್ತಿದ್ದಳು, ಅತ್ತು ಜಗಳ ಮಾಡಿ ಎರಡು ದಿನ ಮಾತು ಬಿಟ್ಟು ಮುಗಿಸುತ್ತಿದ್ದಳು. ಕ್ಷಮೆಗೆ ಎದುರುತ್ತರ ಕೊಡುವುದು ಹೇಗೆ? ಅದು ಮನೆಯಲ್ಲಿ ಎಲ್ಲೆಂದರಲ್ಲಿ ಎಡವಿ ಬೀಳುವ ಸಾಮಾನಿನ ಹಾಗೆ ಬಿದ್ದುಕೊಂಡಿತ್ತು.

ಇನ್ನೊಂದು ವಿಷಯವನ್ನು ಅವಳು ಯಾರಿಗೂ ಹೇಳಿರಲಿಲ್ಲ. ಆಸ್ಪತ್ರೆಯಿಂದ ಮನೆಗೆ ಬಂದು ದೀಪ ಹಚ್ಚಲು ಹೋದ ಸಂಜೆ, ದೇವರ ಗೂಡಿನಲ್ಲಿದ್ದ ಪ್ರಸಾದದ ಪೊಟ್ಟಣ ಇರಲಿಲ್ಲ. ಊರಿನ ದೈವದ ನೇಮೋತ್ಸವದಲ್ಲಿ ಕೊಟ್ಟ ಗಂಧ, ಅಡಿಕೆಯ ಹಿಂಗಾರದ ಎಸಳು. ಅತ್ತೆ ಕೆಂಪು ರೇಷ್ಮೆಪಟ್ಟೆಯ ತುಂಡಿನಲ್ಲಿ ಕಟ್ಟಿ, "ಮೀನು ಮುಟ್ಟಿದ ಕೈ ತಾಗಿಸಬೇಡಿ," ಎಂದು ಹೇಳಿ ಕಳಿಸಿದ್ದು. ಇಲಿ ಒಯ್ದಿರಬೇಕು ಎಂದು ಬಾಯಲ್ಲಿ ಹೇಳಿಕೊಂಡಳು. ಒಳಗೊಳಗೆ, ದೈವಕ್ಕೂ ನಾನು ಬೇಡವಾದೆ ಎಂದುಕೊಂಡಳು.

ಅಂದಿನಿಂದ ಅವಳು ಸ್ಟೇರಿಂಗ್ ಮುಟ್ಟಿಲ್ಲ. ವಿಜೇತಾ, "ಮಮ್ಮಾ, ಪ್ಲೀಸ್ ಯಾರ್, ನಂಗೆ ಕಲಿಸು ನಾ," ಎಂದು ಗೋಗರೆದಾಗಲೂ, "ಪಪ್ಪನ ಕಾಲು ನೋಡಿದ್ದಿಯಲ್ಲ?" ಎಂದು ಬಾಯಿ ಮುಚ್ಚಿಸಿದ್ದಳು.

*

ಶಿವಪುತ್ರಪ್ಪ ಹಳೆ ಡೀಸೆಲ್ ಚೆಲ್ಲಿ ಟಾಕಿ ತೊಳೆದ, ಪಂಪು ಬಿಚ್ಚಿ ಕೂರಿಸಿದ, ಹೊಸ ಬ್ಯಾಟರಿ ಹಾಕಿದ. ಕೀಲಿ ತಿರುಗಿಸಿದ್ದೇ ಗಾಡಿ ಕೆಮ್ಮಿ, ಸೀನಿ, ಎದ್ದು ಕೂತಿತು. ಗಲ್ಲಿಯ ಉದ್ದಕ್ಕೂ ಓಡಿಸಿ ತಂದು, "ಹೊಲಿಗಿ ಮಷಿನ್ ಕೇಳಿದಂಗ ಕೇಳಸ್ತೈತಿ," ಎಂದು ಎದೆಯುಬ್ಬಿಸಿದ.

"ಹಾಗಾದರೆ ಏನೂ ಕೆಟ್ಟಿರಲಿಲ್ಲವಾ?"

"ಪಂಪಿನ್ಯಾಗ ಸ್ವಲ್ಪ ಕಸ ಇತ್ರಿ, ಅದೇನ್ ದೊಡ್ಡದಲ್ಲ." ಅವನು ಅವಳ ಮುಖ ನೋಡದೆ ಕೈ ಒರೆಸಿಕೊಂಡ. "ಆವತ್ತ ಗುಡ್ಡದಾಗ ಅದು... ಏರಿನ್ಯಾಗ ಕ್ಲಚ್ ಸಂಭಾಳಿಸೋದು ಗಂಡಸರಿಗೂ ಕಷ್ಟನ ಬಿಡ್ರಿ ಅಕ್ಕಾರ."

ಇವನದೂ ಮರುಕ. ವಿನೋದಿನಿ ಸೆರಗಿನ ಅಂಚು ಬೆರಳಿಗೆ ಸುತ್ತಿಕೊಂಡಳು.

"ಲೋಡ್ ಹಾಕಿ ಬ್ರಿಜ್ ಹತ್ತಿಸಿ ತೋರಸ್ತೀನಿ, ಬರ್ರಿ. ಶೆಟ್ರು ಮಾರ್ಕೆಟ್ಟಿನಿಂದ ಉಳ್ಳಾಗಡ್ಡಿ ತರಾಕ ಹೇಳ್ಯಾರ, ಅದನ್ನೂ ಏರಿಸಿಕೊಂಡು ಬರೋಣು. ನೀವ ಹೊಡೀತೀರೇನು?"

"ನಾನಾ? ಬೇಡಪ್ಪ."

ಮಾರ್ಕೆಟ್ಟಿನಲ್ಲಿ ಈರುಳ್ಳಿಯ ಚೀಲಗಳನ್ನು ಹಿಂದೆ ಹೇರಿಕೊಂಡು ಇಬ್ಬರೂ ಬ್ರಿಜ್ಜಿನ ಕಡೆ ಹೊರಟರು. ಅವಳು ಎಡಗಡೆಯ ಸೀಟಿನಲ್ಲಿ, ತನ್ನ ಕೈಚೀಲ ತಬ್ಬಿಕೊಂಡು ಕೂತಿದ್ದಳು. ಬ್ರಿಜ್ಜಿನ ಬುಡದಲ್ಲಿ ಸಿಗ್ನಲ್ ಬಿಟ್ಟಿತು. ಶಿವಪುತ್ರಪ್ಪ, "ನೋಡ್ರೀಗ ಆನಿ ಓಡತೈತಿ," ಎಂದು ಎಕ್ಸಿಲೇಟರ್ ಅದುಮಿದ. ಗಾಡಿ ಗುಂಯ್‌ಗುಟ್ಟುತ್ತ ಅರ್ಧದವರೆಗೆ ಹತ್ತಿತು. ಹಿಂದಿನಿಂದ ಬಸ್ಸು ಒತ್ತುತ್ತಿತ್ತು. ಅವನು ಇನ್ನೂ ಅದುಮಿದ.

ಆಗ ಅವಳಿಗೆ ಆ ಉಬ್ಬಸ ಕೇಳಿಸಿತು.

ಕಿವಿಗಿಂತ ಮೊದಲು ಬೆನ್ನಿಗೆ ಗೊತ್ತಾಯಿತು. ಒಂದು ಸಲ ಒದ್ದಾಡಿತು, ಇನ್ನೊಂದು ಸಲ ಒದ್ದಾಡಿತು, ನಿಂತಿತು. ಗಾಡಿ ಹಿಂದಕ್ಕೆ ಜಾರತೊಡಗಿತು. ಶಿವಪುತ್ರಪ್ಪ, "ಏ, ಏ, ಏ!" ಎನ್ನುತ್ತ ಬ್ರೇಕಿನ ಮೇಲೆ ಎದ್ದು ನಿಂತ. ವಿನೋದಿನಿ ಎರಡೂ ಕೈಯಿಂದ ಹ್ಯಾಂಡ್‌ಬ್ರೇಕ್ ಜಗ್ಗಿದಳು. ಬಸ್ಸಿನ ಮೂತಿಗೆ ಒಂದು ಮಾರು ಇರುವಾಗ ಗಾಡಿ ನಿಂತಿತು. ಹಿಂದಿನಿಂದ ಇಡೀ ಬೈಕುಲ್ಲಾ ಹಾರ್ನ್ ಒತ್ತಿತು.

"ಏ ಕಾಕಾ, ಗಾಡಿ ಘರೀ ಠೇವ್ ನಾ!" ಗಾಡಿ ಮನೆಯಲ್ಲೇ ಇಟ್ಟುಕೋ ಎಂದು ಬಸ್ಸಿನವನು ತಲೆ ಹೊರಗೆ ಹಾಕಿ ಕೂಗಿದ.

ವಿನೋದಿನಿಗೆ ಅದು ಯಾವುದೂ ಕೇಳಿಸಲಿಲ್ಲ. ಅವಳು ಶಿವಪುತ್ರಪ್ಪನ ಎಡಗಾಲನ್ನೇ ನೋಡುತ್ತಿದ್ದಳು.

"ಶಿವಪುತ್ರಪ್ಪ, ನೀವು ಕ್ಲಚ್ ಬಿಟ್ಟಿರಾ?"

"ಕ್ಲಚ್ಚಿಗೆ ಕಾಲೇ ಹಚ್ಚಿಲ್ರಿ!"

"ಸರಿಯಾಗಿ ನೆನಪು ಮಾಡಿ ಹೇಳಿ. ಬಿಟ್ಟಿರಬಹುದು. ಏರಿನಲ್ಲಿ ಗಂಡಸರಿಗೂ ಕಷ್ಟ."

"ಏನ್ ಹಚ್ಚೀರಿ ಅಕ್ಕಾರ!" ಅವನ ಹಣೆಯಲ್ಲಿ ಬೆವರು ಒಡೆದಿತ್ತು. "ನನ್ನ ಜಲ್ಮದಾಗ ಏರಿನ್ಯಾಗ ಗಾಡಿ ಬಂದ್ ಬಿದ್ದಿಲ್ಲ. ಇದು ತಾನಾಗೆ ಸತ್ತೈತಿ!"

ತಾನಾಗಿ ಸತ್ತಿತು. ಅವಳು ಆ ಮಾತನ್ನು ಮನಸ್ಸಿನಲ್ಲಿ ಇನ್ನೊಮ್ಮೆ ಹೇಳಿಕೊಂಡಳು. ಎದೆಯ ಯಾವುದೋ ಮೂಲೆಯಲ್ಲಿ ಬಿಗಿದು ಕಟ್ಟಿದ್ದ ಹಗ್ಗದ ಒಂದು ಸುತ್ತು ಸಡಿಲವಾಯಿತು. ಪೂರ್ತಿ ಬಿಚ್ಚಿಕೊಳ್ಳುವ ಧೈರ್ಯ ಇನ್ನೂ ಇರಲಿಲ್ಲ. ಹಳೆ ಗಾಡಿ, ಎರಡು ವರ್ಷ ನಿಂತದ್ದು, ಇವತ್ತು ನಿಂತಿತೆಂದರೆ ಅಂದೂ ಹಾಗೆಯೇ ಎಂದು ಹೇಳುವವರು ಯಾರು?

ಕೀಲಿ ತಿರುಗಿಸಿದರೆ ಗಾಡಿ ಏನೂ ಆಗದ ಹಾಗೆ ಚಾಲೂ ಆಯಿತು. ಬಸ್ಸಿನವನು ಬೈಯುತ್ತ ಪಕ್ಕದಿಂದ ದಾಟಿಹೋದ ಮೇಲೆ ಹಿಂದೆ ಹಿಂದೆ ಇಳಿಸಿ ಗ್ಯಾರೇಜಿಗೆ ತಂದರು. ಶಿವಪುತ್ರಪ್ಪ ಬಾನೆಟ್ ಎತ್ತಿ ಮತ್ತೆ ಪಂಪಿಗೇ ಕೈ ಹಾಕಿದ.

ವಿನೋದಿನಿ ಈ ಸಲ ಸ್ಟೂಲಿನಲ್ಲಿ ಕೂರಲಿಲ್ಲ. ಗಾಡಿಯ ಸುತ್ತ ಒಂದು ಸುತ್ತು ಬಂದಳು. ಹಿಂದೆ, ಹೊಗೆ ಬಿಡುವ ಕೊಳವೆಯ ಮೇಲಿದ್ದ ಈರುಳ್ಳಿ ಚೀಲ ಮಸಿ ಹಿಡಿದು ಕಪ್ಪಾಗಿತ್ತು. ಬೆರಳಿನಿಂದ ಮುಟ್ಟಿ ನೋಡಿದಳು. ಈ ಮಸಿ ಅವಳಿಗೆ ಗೊತ್ತು. ಹೋಟೆಲಿನ ದೊಡ್ಡ ಒಲೆಯ ಮೇಲೆ ಕುಚ್ಚಲಕ್ಕಿಯ ಗಂಜಿ ಉಕ್ಕಿ ಬರ್ನರಿನ ಗಾಳಿಕಂಡಿ ಮುಚ್ಚಿಹೋದರೆ ಬೆಂಕಿ ಹಳದಿಯಾಗುತ್ತದೆ, ಚರಿಗೆಯ ತಳಕ್ಕೆ ಇಂಥದೇ ಮಸಿ ಕಟ್ಟುತ್ತದೆ. ಹೊಸ ಕೆಲಸದವರು ಗ್ಯಾಸ್ ಸರಿ ಇಲ್ಲವೆಂದು ಸಿಲಿಂಡರ್ ಬದಲಿಸುತ್ತಾರೆ. ಅವಳು ಒಂದು ಕಡ್ಡಿ ತೆಗೆದುಕೊಂಡು ಗಾಳಿಕಂಡಿ ಕುತ್ತುತ್ತಾಳೆ.

"ಶಿವಪುತ್ರಪ್ಪ, ಪಂಪು ಬಿಡಿ. ಇದಕ್ಕೆ ಗಾಳಿ ಸಾಲುತ್ತಿಲ್ಲ."

"ಹಾಂ?"

"ಡೀಸೆಲ್ ಬರ್ತಾ ಉಂಟು. ಬೇಯುವುದಕ್ಕೆ ಗಾಳಿ ಇಲ್ಲ. ಅದಕ್ಕೇ ಮಸಿ."

ಅವನು ಫಿಲ್ಟರಿನ ಡಬ್ಬಿ ತೆರೆದು ತೋರಿಸಿದ. "ನೋಡ್ರಿ, ಬಿಳೇ ಹಾಳಿ ಇದ್ದಂಗೈತಿ. ಗಾಳಿಗೇನ್ ಧಾಡಿ?"

"ಬಾಗಿಲು ತೆರೆದಿದೆ, ಸರಿ. ಬೀದಿ ತೆರೆದಿದೆಯಾ?" ಅವಳು ಸೊಂಡಿಲಿನ ಕಡೆ ಬೆರಳು ತೋರಿಸಿದಳು. "ಅದನ್ನು ಬಿಚ್ಚಿ."

ಶಿವಪುತ್ರಪ್ಪ ಹೌಹಾರಿದ. "ಅದನ್ನ? ಅದು ನನ್ನ ಕೈಕೆಲಸರೀ ಅಕ್ಕಾರ. ಹನಿ ನೀರು ಹೊಕ್ಕಂಗಿಲ್ಲ. ಏನ್ ಬೇಕಾದ್ರೂ ಅನ್ರಿ, ಅದಕ್ಕ ಅನಬ್ಯಾಡ್ರಿ."

"ಪಾಸಿಂಗಿಗೆ ಹೇಗೂ ಬಿಚ್ಚಬೇಕು ಅಂತ ಬೆಳಗ್ಗೆ ನೀವೇ ಹೇಳಿದಿರಿ."

"ಹೇಳೀನಿ. ಕಡೀಗೆ ಬಿಚ್ಚೋಣಂತ ಇತ್ತು."

"ಈಗ ಬಿಚ್ಚಿ."

ಹೆತ್ತ ಮಗುವಿನ ಜಡೆ ಕತ್ತರಿಸುವವನ ಮುಖ ಮಾಡಿಕೊಂಡು ಅವನು ಒಂದೊಂದೇ ಸ್ಕ್ರೂ ಕಳಚಿದ. ಟೊಪ್ಪಿ ತೆಗೆದ. ಕೊಳವೆಯನ್ನು ಕೈಗೆ ತೆಗೆದುಕೊಂಡು, ದುರ್ಬೀನಿನ ಹಾಗೆ ಕಣ್ಣಿಗೆ ಹಿಡಿದು ಗಲ್ಲಿಯ ಮೇಲಿನ ಆಕಾಶ ನೋಡಿದ. ಬಹಳ ಹೊತ್ತು ನೋಡಿದ.

"ಏನು ಕಾಣ್ತದೆ?"

"ಆಕಾಶ ಕಾಣವಲ್ದರಿ," ಎಂದ, ದನಿ ಇಳಿಸಿ.

ಅಷ್ಟರಲ್ಲಿ ಗಲ್ಲಿಯ ತುದಿಯಲ್ಲಿ ಟ್ಯಾಕ್ಸಿ ನಿಂತು, ಹಿತೇಶ ಕೋಲೂರಿಕೊಂಡು ಇಳಿದ. ಊಟದ ಗಡಿಬಿಡಿ ಮುಗಿಸಿ ಬಂದಿದ್ದ. "ಎಂತ ಮಾರಾಯ, ನನ್ನ ಗಾಡಿಯ ಮೂಗು ಕೊಯ್ದು ಬಿಟ್ಟಿಯಾ?" ಎಂದು ನಗುತ್ತ ಹತ್ತಿರ ಬಂದವನು, ಶಿವಪುತ್ರಪ್ಪ ತಂತಿಯ ಕೊಕ್ಕೆಯನ್ನು ಕೊಳವೆಯೊಳಗೆ ಇಳಿಸುತ್ತಿದ್ದುದನ್ನು ಕಂಡು ಅಲ್ಲೇ ನಿಂತ.

ಕೊಕ್ಕೆಗೆ ಮೊದಲು ಸಿಕ್ಕಿದ್ದು ಒಂದು ಪ್ಲಾಸ್ಟಿಕ್ಕಿನ ತುದಿ. ಎಳೆದ ಹಾಗೆ ಪರಪರ ಸದ್ದು ಮಾಡುತ್ತ ಒಂದು ತೆಳು ಥೈಲಿ ಹೊರಗೆ ಬಂತು. ಹೋಟೆಲಿನಲ್ಲಿ ಸಾರು ಪಾರ್ಸೆಲ್ ಕಟ್ಟುವಂಥ ಥೈಲಿ. ಅದರ ಕುತ್ತಿಗೆಗೆ ಹೋಟೆಲಿನದೇ ಬಿಳಿ ದಾರ, ತುಂಡಾಗಿತ್ತು. ಥೈಲಿಯೊಳಗೆ ಕೆಂಪು ಪಟ್ಟೆಯ ಬಟ್ಟೆ.

ವಿನೋದಿನಿ ಬಿಡಿಸದೆಯೇ ತಿಳಿದಳು. ಬಿಡಿಸಿದಾಗ ಒಣಗಿದ ಹಿಂಗಾರದ ಎಸಳು, ಗಟ್ಟಿಯಾದ ಗಂಧದ ಉಂಡೆ. ಇಷ್ಟು ದಿನವಾದರೂ ಪರಿಮಳ ಹೋಗಿರಲಿಲ್ಲ. ಮೀನಿನ ವಾಸನೆಯ ನಡುವೆಯೇ ತೆಳುವಾಗಿ ಎದ್ದು ಬಂತು.

"ಇದು ನಮ್ಮ ದೇವರ ಗೂಡಿನಲ್ಲಿ ಇದ್ದದ್ದು," ಎಂದಳು. ತಿರುಗಿ ನೋಡಿದಳು. ಹಿತೇಶನ ಮುಖ ಬೆಳ್ಳಗಾಗಿತ್ತು.

"ನೀವಾ?"

"ನೀನು ಗುಡ್ಡ ಹತ್ತಿಸುವ ಹಿಂದಿನ ರಾತ್ರಿ ಕಟ್ಟಿದೆ," ಎಂದ ಹಿತೇಶ. "ಟೊಪ್ಪಿಯ ಒಳಗೆ. ಮಳೆಗೆ ಚಂಡಿ ಆಗಬಾರದಂತ ಥೈಲಿಯಲ್ಲಿ ಹಾಕಿ."

"ಗಾಡಿಯ ಮೂಗಿನೊಳಗೆ! ಬೇರೆ ಜಾಗ ಇರಲಿಲ್ಲವಾ ನಿಮಗೆ?"

"ಎಲ್ಲಿ ಇಡುವುದು ಹೇಳು? ಸೀಟಿನ ಹತ್ತಿರ ಮೀನು. ಹಿಂದೆ ಮೀನು. ಡ್ಯಾಶ್‌ಬೋರ್ಡು ಮುಟ್ಟುವುದು ಮೀನು ಮುಟ್ಟಿದ ಕೈಯಲ್ಲಿ. ಬಾನೆಟ್ಟಿನೊಳಗೆ ಎಣ್ಣೆ. ಅಮ್ಮ ಅಷ್ಟು ಹೇಳಿ ಕಳಿಸಿದ್ದಾರೆ. ಮೀನೂ ತಾಗದ, ಕಾಲೂ ತಾಗದ ಜಾಗ ಅಂತ ಇಡೀ ಗಾಡಿಯಲ್ಲಿ ಇದ್ದದ್ದು ಅದೊಂದೇ. ನಾನು ಎರಡು ಸಲ ಸಾಬೂನು ಹಾಕಿ ಕೈ ತೊಳೆದು ಕಟ್ಟಿದ್ದು."

ಶಿವಪುತ್ರಪ್ಪ ಥೈಲಿಯನ್ನು ಕೊಳವೆಯ ಬಾಯಿಗೆ ಹಿಡಿದು, ಇನ್ನೊಂದು ತುದಿಯಿಂದ ಉಸಿರು ಎಳೆದು ನೋಡಿದ. ಪಟಕ್ಕನೆ ಅಂಟಿಕೊಂಡಿತು. ಉಸಿರು ಬಿಟ್ಟ, ಕೆಳಗೆ ಬಿತ್ತು. "ಇಲ್ಲೈತಿ ನೋಡ್ರಿ ಭಾನಗಡಿ! ಹಗೂರ ಹೋದ್ರ ಒಂದು ಮೂಲ್ಯಾಗ ಬಿದ್ದಿರತೈತಿ. ಜೋರ್ ಒತ್ತಿದ್ರ ಇಂಜಿನ್ ಜಗ್ಗತೈತಿ, ಇದು ಹೋಗಿ ಗಂಟಲಕ್ಕ ಕುಂದರತೈತಿ. ಇಂಜಿನ್ ಸತ್ತ್ರ ಮತ್ತ ಕೆಳಗ ಬೀಳತೈತಿ. ಯಾವ ಮೆಕ್ಯಾನಿಕ್ ಹಿಡೀಬೇಕ್ರಿ ಇದನ್ನ? ನನ್ನ ಸ್ನಾರ್ಕೆಲ್ಲಿನ್ಯಾಗ ತಪ್ಪಿಲ್ಲ, ಅಷ್ಟ ನೆನಪಿಡ್ರಿ ಮತ್ತ!"

ವಿನೋದಿನಿ ಸ್ಟೂಲಿನ ಮೇಲೆ ಕುಸಿದು ಕೂತಳು. ಎಡಪಾದವನ್ನು ಚಪ್ಪಲಿಯಿಂದ ಹೊರಗೆ ತೆಗೆದು ನೋಡಿದಳು. ಹಿಮ್ಮಡಿ ಒಡೆದ, ಕಾಲುಂಗುರ ಸವೆದ, ಸಾಧಾರಣ ಪಾದ. ಎರಡು ವರ್ಷ ಅದು ಕಣ್ಣೆದುರು ಮೇಲೇಳುತ್ತಲೇ ಇತ್ತು. ಈಗ ಕಣ್ಣು ಮುಚ್ಚಿದಳು. ಪಾದ ಕ್ಲಚ್ಚಿನ ಹತ್ತಿರವೇ ಇರಲಿಲ್ಲ. ನೆಲದ ಮೇಲೆ ಇತ್ತು. ಮುಂಚಿನಿಂದಲೂ ಅಲ್ಲೇ ಇತ್ತು. ಒಂದು ನಿಡಿದಾದ ಉಸಿರು ಹೊರಗೆ ಬಂತು, ಅದರ ಹಿಂದೆ ಇನ್ನೊಂದು. ಎದೆಯೊಳಗೆ ಇಷ್ಟು ಗಾಳಿಗೆ ಜಾಗವಿದೆಯೆಂಬುದೇ ಅವಳಿಗೆ ಮರೆತುಹೋಗಿತ್ತು.

"ನನಗೆ ಹೇಳಬಹುದಿತ್ತಲ್ಲ," ಎಂದಳು ಕೊನೆಗೆ.

"ಹೇಳಿದರೆ, ನನಗೆ ನಿನ್ನ ಮೇಲೆ ನಂಬಿಕೆ ಇಲ್ಲ ಅಂತ ನೀನು ಗ್ರಹಿಸುವುದಿಲ್ಲವಾ?"

"ಅಂದರೆ ನಂಬಿಕೆ ಇರಲಿಲ್ಲ."

"ನಿನ್ನ ಮೇಲೆ ಇತ್ತು. ಗುಡ್ಡದ ಮೇಲೆ ಇರಲಿಲ್ಲ." ಅವನು ಕೋಲಿನ ಹಿಡಿಯನ್ನು ತಿರುಗಿಸುತ್ತ ನಿಂತ. "ಆಸ್ಪತ್ರೆ‌ಯಲ್ಲಿ ನನಗೆ ಇದರ ನೆನಪಾಗಿತ್ತು. ಕಾಲಿನಲ್ಲೇ ಮುಗಿಯಿತಲ್ಲ, ಜೀವ ಉಳಿಯಿತಲ್ಲ, ಎಲ್ಲ ಆ ಪ್ರಸಾದದಿಂದ ಅಂತಲೇ ನಾನು ತಿಳಿದದ್ದು. ಅದೇ ಮಾಡಿದ್ದು ಅಂತ ಯಾರಿಗೆ ಗೊತ್ತು?" ಆಮೇಲೆ, ಇಷ್ಟು ವರ್ಷದಲ್ಲಿ ಅವಳು ಕೇಳದ ಸಣ್ಣ ದನಿಯಲ್ಲಿ, "ನನ್ನದೇ ತಪ್ಪು ವಿನೋದಿನಿ. ನಿನ್ನ ತಲೆಯ ಮೇಲೆ ಕೂತಿತಲ್ಲ ಇಷ್ಟು ದಿನ," ಎಂದ.

"ಇರಲಿ..." ಎನ್ನುತ್ತ ಅವಳು ಬಾಯಿ ತೆರೆದಳು. ಉಳಿದ ಶಬ್ದ ನಾಲಿಗೆಯ ತುದಿಗೆ ಬಂದಿತ್ತು. ಅಲ್ಲೇ ತಡೆದಳು.

ಈ ಎರಡು ಶಬ್ದ ಮನುಷ್ಯನನ್ನು ಏನು ಮಾಡುತ್ತವೆ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಈಗ ಹೇಳಿಬಿಟ್ಟರೆ ನಾಳೆಯಿಂದ ಅವನು ತನ್ನ ಕುಂಟುಗಾಲಿಗೂ ಅವಳ ಕ್ಷಮೆ ಕೇಳುತ್ತ ಮೆಟ್ಟಿಲು ಹತ್ತುತ್ತಾನೆ. ಅದು ಬೇಡ. ಅವಳು ಎದ್ದು ನಿಂತು ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಬುದ್ಧಿ ಉಂಟಾ ನಿಮಗೆ?" ಎಂದಳು. ಪಕ್ಕದ ವೆಲ್ಡಿಂಗ್ ಅಂಗಡಿಯವನು ಕೆಲಸ ನಿಲ್ಲಿಸಿ ತಿರುಗಿ ನೋಡಿದ. "ಉಸಿರಾಡುವ ಕೊಳವೆಯಲ್ಲಿ ಪಾರ್ಸೆಲ್ ಥೈಲಿ! ನಿಮ್ಮ ಮೂಗಿಗೆ ಕಟ್ಟಬೇಕಿತ್ತು ಅದನ್ನು, ಆಗ ಗೊತ್ತಾಗುತ್ತಿತ್ತು. ಎರಡು ವರ್ಷ, ಮಾರಾಯ್ರೆ! ಆ ನಿಮ್ಮ ಕರ್ಜತ್ತಿನ ದಂಡು ಭಾಭಿ ಭಾಭಿ ಅಂತ ನನ್ನನ್ನು ನೋಡಿ ಪಾಪ ಅನ್ನುವಾಗ ಬಾಯಲ್ಲಿ ಎಂತ ಇಟ್ಟುಕೊಂಡಿದ್ದಿರಿ? ಮಗಳು ಸ್ಟೇರಿಂಗ್ ಕೇಳಿದರೆ ನಾನು ಬೇಡ ಅಂದೆ. ದೈವವೇ ಮನೆ ಬಿಟ್ಟು ಹೋಯಿತು ಅಂತ ಕಣ್ಣೀರು ಹಾಕಿದೆ. ದೈವ ಎಲ್ಲಿ? ಸೊಂಡಿಲಿನಲ್ಲಿ! ಉಸಿರುಕಟ್ಟಿ ಕೂತಿತ್ತು ಪಾಪ!"

ಹಿತೇಶ ತಲೆ ತಗ್ಗಿಸಿ ಕೇಳಿದ. ಮೊದಲು ಅವನ ಭುಜಗಳು ಬಿಗಿದವು. ಆಮೇಲೆ, ಒಂದೊಂದು ಮಾತಿಗೂ ಸ್ವಲ್ಪ ಸ್ವಲ್ಪವೇ ಇಳಿದವು. ಕಡೆಗೆ ಬಾಯಿಯ ಒಂದು ಮೂಲೆಯಲ್ಲಿ ನಗುವಿನಂಥದು ಕಾಣಿಸಿತು.

"ನಗ್ತೀರಾ? ಇನ್ನೂ ನಗು ಬರ್ತದಾ?"

"ಇಲ್ಲ. ನೀನು ಹೇಳು."

"ಬೈಯ್ರಿ ಅಕ್ಕಾರ, ಬೈಯ್ರಿ," ಎಂದ ಶಿವಪುತ್ರಪ್ಪ. "ನನ್ನ ಪಾಲಿಂದೂ ಸೇರಿಸಿ ಬೈಯ್ರಿ. ಬ್ರಿಜ್ಜಿನ ಮ್ಯಾಲ ನನ್ನ ಮಾನಾ ಹೋತು." ಹಾಗೆನ್ನುತ್ತಲೇ ನಲ್ಲಿಗೆ ಹೋಗಿ ಮೊಳಕೈಯವರೆಗೆ ಕೈ ತೊಳೆದು ಬಂದು ಎರಡೂ ಅಂಗೈ ಮುಂದೆ ಚಾಚಿದ. "ಆ ಪ್ರಸಾದ ಇಲ್ಲಿ ಕೊಡ್ರಿ. ಇಲ್ಲಿರೋ ಮೂವರೊಳಗ ಮೀನ ಮುಟ್ಟದ ಕೈ ನಂದೊಂದ. ನೀವು ಊರಿಗೆ ಹೋಗೂತನಕ ನನ್ನ ಬಸವಣ್ಣನ ಕಡೆ ಇರಲಿ." ಪಟದ ಕೆಳಗೆ ಪೊಟ್ಟಣವಿಟ್ಟು ಕೈಮುಗಿದ. ಥೈಲಿಯನ್ನು ಮಾತ್ರ ಕಸದ ಡಬ್ಬಕ್ಕೆ ಎಸೆದ.

ಗಾಳಿಯ ಬಾಯಿಯನ್ನು ಬಾನೆಟ್ಟಿನೊಳಗೇ ತಾತ್ಕಾಲಿಕವಾಗಿ ಕಟ್ಟಿ ಅವನು ಬಾನೆಟ್ ಮುಚ್ಚಿದ. ಸೊಂಡಿಲಿಲ್ಲದ ಗಾಡಿ ಮೀಸೆ ಬೋಳಿಸಿದ ಗಂಡಸಿನ ಹಾಗೆ ಸ್ವಲ್ಪ ಪೆಚ್ಚಾಗಿ ನಿಂತಿತ್ತು. "ಈಗ ಯಾರ್ ಹೊಡೀತೀರಿ?" ಎಂದು ಕೀಲಿ ಎತ್ತಿ ಹಿಡಿದ.

ವಿನೋದಿನಿ ಕೈ ಚಾಚಿದಳು.

ಎತ್ತರದ ಸೀಟಿಗೆ ಹತ್ತಿ ಕೂತು ಕನ್ನಡಿ ಸರಿಪಡಿಸಿಕೊಂಡಳು. ಹಿತೇಶ ಕೋಲನ್ನು ಮೊದಲು ಒಳಗಿಟ್ಟು, ರಾಡಿನ ಕಾಲನ್ನು ಕೈಯಿಂದ ಎತ್ತಿ ಒಳಗೆ ತೆಗೆದುಕೊಂಡು ಪಕ್ಕದಲ್ಲಿ ಕೂತ. ಈ ಸಲ ಅವನು ಇಳಿದು ಕಲ್ಲು ಕೊಡುವ ಹಾಗಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಹಿಂದೆ ಈರುಳ್ಳಿಯ ಚೀಲಗಳು ಹಾಗೇ ಇದ್ದವು.

ಗಲ್ಲಿ ದಾಟುವವರೆಗೆ ಅವಳು ಉಸಿರು ಬಿಗಿಹಿಡಿದೇ ಓಡಿಸಿದಳು. ಬ್ರಿಜ್ಜಿನ ಬುಡದಲ್ಲಿ ಸಿಗ್ನಲ್ ಬಿಟ್ಟಿತು. ಹಿಂದೆ ಬಸ್ಸು.

"ಆ ದಾರವಾದರೂ ಗಟ್ಟಿ ಕಟ್ಟಬಾರದಿತ್ತಾ?" ಎಂದಳು ಗೇರು ಹಾಕುತ್ತ. "ಹೋಟೆಲಿನಲ್ಲಿ ಸಾರು ಪಾರ್ಸೆಲ್ ಕಟ್ಟಿದರೆ ಗಿರಾಕಿ ಕತ್ತರಿ ತಂದು ಬಿಚ್ಚಬೇಕು. ದೈವದ ಪ್ರಸಾದ ಕಟ್ಟುವಾಗ ಕೈಗೆ ಎಂತ ಆಗಿತ್ತು?"

"ಹೆದರಿಕೆ ಆಗಿತ್ತು," ಎಂದ ಹಿತೇಶ.

ಏರು ಶುರುವಾಯಿತು. ಅವಳು ಎಕ್ಸಿಲೇಟರ್ ಒತ್ತಿದಳು. ಆ ಉಬ್ಬಸ ಬಂದೀತೆಂದು ಬೆನ್ನು ಕಾದು ಕೂತಿತ್ತು. ಇನ್ನೂ ಒತ್ತಿದಳು, ಪೂರ್ತಿ. ಗಾಡಿ ಒಮ್ಮೆ ಎದೆತುಂಬ ಗಾಳಿ ಎಳೆದುಕೊಂಡು, ಈರುಳ್ಳಿಯನ್ನೂ ಇಬ್ಬರನ್ನೂ ಹೊತ್ತು ಒಂದೇ ದನಿಯಲ್ಲಿ ಮೇಲೆ ಏರಿತು. ಅಗೋ ನೆತ್ತಿ. ಕೆಳಗೆ ಹಳಿಗಳ ಮೇಲೆ ಒಂದು ಲೋಕಲ್ ಹಾದುಹೋಗುತ್ತಿತ್ತು. ಪಕ್ಕದಲ್ಲಿ ಟ್ಯಾಕ್ಸಿಗಳು, ಅವುಗಳ ಕಿಟಕಿಯಲ್ಲಿ, ಬಿಸಿಲಿಗೆ ಮಿರುಗುವ ಗಂಡಸರ ನೆತ್ತಿಗಳು.

ಅವಳಿಗೆ ಕಣ್ಣು ಮಂಜಾಯಿತು. ಒರೆಸಿಕೊಳ್ಳಲು ಕೈ ಬಿಡುವ ಹಾಗಿರಲಿಲ್ಲ, ಹಾಗೆಯೇ ಬಿಟ್ಟಳು.

ಇಳಿದ ಮೇಲೆ ಗ್ಯಾರೇಜಿಗೆ ತಿರುಗುವ ಜಾಗ ಬಂತು. ಗಾಡಿ ನೇರ ಹೋಯಿತು. ಹಿತೇಶ ಕುತ್ತಿಗೆ ತಿರುಗಿಸಿ ಹಿಂದೆ ನೋಡಿದ. "ತಿರುಗಿಸುವುದು ಅಲ್ಲಿ, ಮಾರಾಯ್ತಿ. ಗ್ಯಾರೇಜು ಹಿಂದೆ ಉಳಿಯಿತು."

"ಗೊತ್ತುಂಟು," ಎಂದಳು ವಿನೋದಿನಿ, ಕಿಟಕಿಯ ಗಾಜು ಪೂರ್ತಿ ಇಳಿಸುತ್ತ. "ನನಗೆ ಇನ್ನೂ ಬೈದು ಮುಗಿದಿಲ್ಲ."